ಉತ್ಸವಕ್ಕಿಂತ ಮೊದಲು ವಿದ್ಯಾರ್ಥಿಯ ಕಾಗದಪತ್ರ

ಯೋಗ, ಸಿನಿಮಾ, ಆಹಾರಮೇಳ, ಈ ಮೂರರಲ್ಲಿ ಯಾವುದಕ್ಕೆ ಹಣ ಹಾಕಿದರೆ ಹೊರದೇಶಗಳಲ್ಲಿ ಭಾರತದ ವರ್ಚಸ್ಸು ಹೆಚ್ಚುತ್ತದೆ ಎಂದು ಕೇಳಿದ್ದೀರಿ. ಬೆಂಗಳೂರಿನ ಕಾಲೇಜೊಂದರಲ್ಲಿ ವಿದೇಶಿ ವಿದ್ಯಾರ್ಥಿಗಳ ಉಸ್ತುವಾರಿ ವಹಿಸಿಕೊಂಡ ಹೊಸದರಲ್ಲಿ ನಾನೂ ಹೀಗೆಯೇ ಲೆಕ್ಕ ಹಾಕುತ್ತಿದ್ದೆ.

ಆಗ ಇಥಿಯೋಪಿಯಾದ ಒಬ್ಬ ಹುಡುಗ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ ವಿದ್ಯಾರ್ಥಿವೇತನದಲ್ಲಿ ನಮ್ಮಲ್ಲಿ ಓದುತ್ತಿದ್ದ. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲೇ ಆ ದೇಶದ ಶಾಲೆಗಳಿಗೆ ಭಾರತದ ಮೇಷ್ಟರು ಹೋಗಿ ಪಾಠ ಮಾಡಿದ್ದರು. ಅವನ ತಂದೆಗೆ ಗಣಿತ ಕಲಿಸಿದವರೂ ಅಂಥವರೊಬ್ಬರು, ಮಗನನ್ನು ಇಲ್ಲಿಗೆ ಕಳುಹಿಸಿದ್ದೂ ಆ ನಂಬಿಕೆಯಿಂದಲೇ. ಸಂಬಳಕ್ಕೆಂದು ಹೋದ ಆ ಮೇಷ್ಟರಿಗೆ ದೇಶದ ವರ್ಚಸ್ಸಿನ ಚಿಂತೆ ಇದ್ದಿರಲಾರದು.

ನಾನೋ ಸಾಂಸ್ಕೃತಿಕ ಸಂಜೆಯ ತಾಲೀಮಿಗೆ ಅವನನ್ನು ದಿನವೂ ಕರೆಸಿಕೊಂಡೆ, ಅವನು ಕೇಳಿದ ವ್ಯಾಸಂಗ ಪ್ರಮಾಣಪತ್ರವನ್ನು ಮಾತ್ರ ಕಾರ್ಯಕ್ರಮ ಮುಗಿಯಲಿ ಎಂದು ಮುಂದೂಡಿದೆ. ಆ ಒಂದು ಹಾಳೆಯ ತೂಕವನ್ನು ಬಿಡಿಸಿಯೇ ಹೇಳಬೇಕು. ಎಫ್‌ಆರ್‌ಆರ್‌ಒ, ಅಂದರೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ, ವಾಸದ ಪರವಾನಗಿಯನ್ನು ವಿಸ್ತರಿಸಬೇಕಾದರೆ ವಿದ್ಯಾರ್ಥಿ ಇನ್ನೂ ಓದುತ್ತಿದ್ದಾನೆಂದು ಕಾಲೇಜು ಬರೆದುಕೊಡಬೇಕು. ಅದಿಲ್ಲದೆ ಅರ್ಜಿ ಮುಂದೆ ಸಾಗುವುದಿಲ್ಲ. ಅವಧಿ ಮೀರಿದರೆ ದಂಡ ಕಟ್ಟಿ, ಊರಿಗೆ ಹೊರಡಲು ನಿರ್ಗಮನ ಪರವಾನಗಿಯನ್ನೂ ಪಡೆಯಬೇಕು. ನನ್ನ ಸಹಿ ತಡವಾಯಿತು, ಅವಧಿ ಮೀರಿತು, ಅಕ್ಕನ ಮದುವೆ ಅವನಿಲ್ಲದೆಯೇ ನಡೆದುಹೋಯಿತು. ವೇದಿಕೆಯಲ್ಲಿ ಅವನು ಕುಣಿದ ಚಿತ್ರ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಚೆನ್ನಾಗಿಯೇ ಅಚ್ಚಾಯಿತು. ಮುಂದಿನ ವರ್ಷ ಅವನ ಊರಿನ ಹುಡುಗರು ಅರ್ಜಿಯಲ್ಲಿ ನಮ್ಮ ಕಾಲೇಜಿನ ಹೆಸರನ್ನೇ ಬರೆಯಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. 2014ರಲ್ಲಿ ವಿಶ್ವಸಂಸ್ಥೆಯಲ್ಲಿ ಯೋಗ ದಿನದ ನಿರ್ಣಯಕ್ಕೆ 177 ದೇಶಗಳು ಸಹಪ್ರಾಯೋಜಕರಾದದ್ದು ದೊಡ್ಡ ಸಂಗತಿಯೇ. ಆದರೆ 2016ರ ಆರಂಭದಲ್ಲಿ ಬೆಂಗಳೂರಿನ ಹೊರವಲಯದಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪೊಂದು ಹಲ್ಲೆ ಮಾಡಿದಾಗ ಆ ದೇಶದ ಹೈಕಮಿಷನರ್ ದೆಹಲಿಯಿಂದ ಇಲ್ಲಿಗೆ ಧಾವಿಸಬೇಕಾಯಿತು, ಆಗ ಯಾವ ಉತ್ಸವವೂ ನಮ್ಮ ನೆರವಿಗೆ ಬರಲಿಲ್ಲ. ಹಮೀದ್ ಕರ್ಜಾಯಿ ಶಿಮ್ಲಾದಲ್ಲಿ ಓದಿ ಹೋಗಿ ಮುಂದೆ ಅಫ್ಘಾನಿಸ್ತಾನದ ಅಧ್ಯಕ್ಷರಾದರು. ಇಲ್ಲಿ ಓದುತ್ತಿರುವವರಲ್ಲಿ ನಾಳೆ ಯಾರು ಏನಾಗುತ್ತಾರೋ ಯಾರಿಗೆ ಗೊತ್ತು?

ನಿಮ್ಮ ಕೈಯಲ್ಲಿ ಹಣವಿದ್ದರೆ ವಿದೇಶಿ ವಿದ್ಯಾರ್ಥಿಗಳ ಕಾಗದಪತ್ರ ನೋಡಿಕೊಳ್ಳಲು ಒಬ್ಬ ಗುಮಾಸ್ತರನ್ನು ನೇಮಿಸಿ, ಅಡ್ವಾನ್ಸ್ ಹೆಸರಿನಲ್ಲಿ ಆ ವಿದ್ಯಾರ್ಥಿಗಳನ್ನು ಸುಲಿಯದ ಮನೆಮಾಲೀಕರನ್ನು ಹುಡುಕಿಡಿ. ಉಳಿದರೆ ಆಹಾರಮೇಳ ಮಾಡಿ. ದೋಸೆ ಹೇಗೂ ಖರ್ಚಾಗುತ್ತದೆ.