ನಿಮ್ಮ ಪ್ರಾಣಿ ಏನು ತಿನ್ನುತ್ತದೆ?

ನಮಸ್ಕಾರ.

ನಿಮ್ಮ ಫ್ಯಾಂಟಸಿ ಕಾದಂಬರಿಯ ಮೊದಲ 5 ಅಧ್ಯಾಯ ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ ಅಂತ ಹೇಳೋಕೇ ಈ ಪತ್ರ.

ಇಷ್ಟರಲ್ಲೇ 13 ಹೊಸ ಪ್ರಾಣಿ, 7 ಹೊಸ ಗಿಡ ಬಂದಿವೆ. ಮೂರು ತಲೆಯ ‘ಜ್ವಾಲಾಕ್ಷ’ಕ್ಕೇ ಎರಡು ಪುಟ ಕೊಟ್ಟಿದ್ದೀರಿ. ಕೊಂಬು, ರೆಕ್ಕೆ, ಕಣ್ಣಿನ ಬಣ್ಣ ಎಲ್ಲಾ ಇದೆ. ಏನು ತಿನ್ನುತ್ತದೆ ಅನ್ನೋದು ಮಾತ್ರ ಇಲ್ಲ. ಹುಲ್ಲುಕಡ್ಡಿಯೂ ಇಲ್ಲದ ಮರಳುಗಾಡಿನಲ್ಲಿ ಆನೆಗಾತ್ರದ 40 ಪ್ರಾಣಿ ಹೊಟ್ಟೆಗೆ ಏನು ಮಾಡುತ್ತವೆ? ಈ ಪ್ರಶ್ನೆ ತಲೆಗೆ ಬಂದಮೇಲೆ ನನಗೆ ಮುಂದಿನ ಯುದ್ಧ ಓದೋಕೇ ಆಗಲಿಲ್ಲ.

ಹೆಸರುಗಳನ್ನೂ ನೋಡಿ. ಕುರಿ ಕಾಯುವ ಹುಡುಗ ‘ಅಗೋ, ಜ್ವಾಲಾಕ್ಷ!’ ಅಂತ ಕೂಗುತ್ತಾನೆ. ಅವನು ಹಾಗೆ ಕರೀತಾನಾ? ನೀವು ರಾಣೆಬೆನ್ನೂರು ಕಡೆಯವರು ಅಂತ ಬರೆದಿದ್ದೀರಿ. ಅಲ್ಲಿ 1974ರಲ್ಲಿ ಕೃಷ್ಣಮೃಗಕ್ಕೆಂದೇ ಅಭಯಾರಣ್ಯವಾಯಿತು. ಆದರೂ ಅದು ಬಂದು ಬೆಳೆ ಮೇಯ್ದರೆ ಹೊಲದವರು ಬೈಯುವುದು ‘ಚಿಗರಿ’ ಅಂತಲೇ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿಗೂ ಅದೇ ಹೆಸರು. ನಿಮ್ಮ ಪ್ರಾಣಿಗೂ ಹೊಲದವರೇ ಹೆಸರಿಡಲಿ.

ರಾತ್ರಿಯಿಡೀ ಹೊಳೆಯುವ ಮರ ಚೆನ್ನಾಗಿದೆ. ಆದರೆ ಸುಮ್ನೆ ಹೊಳೆಯುತ್ತದೆ, ಅಲ್ವಾ? ಯಾರನ್ನು ಕರೆಯೋಕೆ ಆ ಬೆಳಕು? ಒಂದು ಅತ್ತಿಹಣ್ಣು ಬಿಚ್ಚಿ ನೋಡಿ. ನಾವು ಹಣ್ಣು ಅನ್ನೋದು ಹೂಗಳನ್ನು ಒಳಗೆ ಬಚ್ಚಿಟ್ಟುಕೊಂಡ ಚೀಲ. ಅದರ ವಾಸನೆ ಹಿಡಿದು ಪುಟ್ಟ ಹೆಣ್ಣು ಕಣಜ ಬರುತ್ತದೆ. ತುದಿಯ ಕಿಂಡಿ ಎಷ್ಟು ಇಕ್ಕಟ್ಟು ಅಂದರೆ, ನುಗ್ಗುವಾಗ ಸಾಮಾನ್ಯವಾಗಿ ರೆಕ್ಕೆ ಕಿತ್ತುಹೋಗುತ್ತವೆ. ಒಳಗೆ ಪರಾಗ ಬಿಟ್ಟು, ಮೊಟ್ಟೆ ಇಟ್ಟು, ಅಲ್ಲೇ ಸಾಯುತ್ತದೆ. ಆ ಹುಳ ಬರದಿದ್ದರೆ ಅತ್ತಿಗೆ ಬೀಜವಿಲ್ಲ. ಅತ್ತಿ ಇಲ್ಲದಿದ್ದರೆ ಹುಳದ ಮರಿಗೆ ಮನೆಯಿಲ್ಲ. ನಿಮ್ಮ ಮರಕ್ಕೂ ಇಂಥ ಒಂದು ಜೊತೆ ಹುಡುಕಿ.

ಎಲ್ಲಾ ರೋಗ ವಾಸಿ ಮಾಡುವ ಎಲೆ ತೆಗೆದುಬಿಡಿ. ಅದಿದ್ದರೆ ಯಾರ ಜೀವದ ಬಗ್ಗೆಯೂ ಭಯವೇ ಇರುವುದಿಲ್ಲ.

ಇನ್ನು 4ನೇ ಅಧ್ಯಾಯದ ಅಜ್ಜಿಯ ಮಾತು: ‘ಬ್ಯಾಸಿಗ್ಯಾಗ ಎರಿ ಬಿರುಕಿನ್ಯಾಗ ಅದು ಉಸರಾಡ್ತದ, ಕಾಲು ನೋಡಿ ಇಡು.’ ಈ ಪ್ರಾಣಿಗೆ ಹೆಸರಿಲ್ಲ, ರೂಪವಿಲ್ಲ, ಮತ್ತೆಲ್ಲೂ ಬರುವುದೂ ಇಲ್ಲ. ನನಗೆ ಮಾತ್ರ ಮೈ ಜುಮ್ಮೆಂದಿತು. ಗದಗದ ಕಡೆ ಎರೆಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ, ನಾನೂ ಬಿರುಕಿನೊಳಗೆ ಮೊಣಕೈವರೆಗೆ ಕೈ ಇಳಿಸಿದವನು. ಒಳಗೆ ತಂಪು ಇರುತ್ತದೆ. ಈ ಮಣ್ಣು ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ, ನೀರು ಕುಡಿದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮಳೆ ಬಿದ್ದು ಬಿರುಕು ಮುಚ್ಚುವಾಗ ನಿಮ್ಮ ಪ್ರಾಣಿ ಏನು ಮಾಡುತ್ತದೆ? ಮೊದಲೇ ಹೊರಗೆ ಬರುತ್ತದಾ? ಬಿತ್ತೋಕೆ ಬಂದ ರೈತ ಅದಕ್ಕೆ ಹೆದರುತ್ತಾನಾ, ಅದರ ದಾರಿ ಕಾಯುತ್ತಾನಾ?

ಉಳಿದ 12 ಪ್ರಾಣಿಗಳನ್ನು ಪಕ್ಕಕ್ಕಿಡಿ. ಮೊದಲ ಮಳೆಯ ಆ ಒಂದು ರಾತ್ರಿ ಬರೆದು ಕಳಿಸಿ.