ಆರೋಗ್ಯ ಪ್ರಶ್ನೋತ್ತರ: ಕಿಮೋ ಆದ ಮೇಲಿನ 21 ದಿನ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಒಳಹಳ್ಳಿ. 58 ವರ್ಷದ ನಮ್ಮ ಅತ್ತೆಯವರಿಗೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿ, ಈಗ ಶಿವಮೊಗ್ಗದಲ್ಲಿ ಮೂರು ವಾರಕ್ಕೊಮ್ಮೆ ಕಿಮೋ ಕೊಡುತ್ತಿದ್ದಾರೆ, ಎರಡು ಮುಗಿದಿವೆ. ಕೆಂಪು ಔಷಧಿ ಹಾಕಿಸಿಕೊಂಡು ಬಂದ ದಿನ ಮೂತ್ರ ಕೆಂಪಾದದ್ದನ್ನು ಕಂಡು ಮನೆಯವರೆಲ್ಲ ಹೆದರಿದೆವು. ಬಾಯಿಯೆಲ್ಲ ಹುಣ್ಣಾಗಿ ಊಟ ಸೇರುತ್ತಿಲ್ಲ. ಒಂದೆಲಗದ ತಂಬುಳಿ ಮಾತ್ರ ಬೇಕೆನ್ನುತ್ತಾರೆ. ಕೂದಲು ಉದುರಿದ ಮೇಲೆ ಜಗಲಿಗೂ ಬರುವುದಿಲ್ಲ. ನನ್ನ ನಾಲ್ಕು ವರ್ಷದ ಮಗಳನ್ನು ಅಜ್ಜಿಯ ಹತ್ತಿರ ಬಿಡಬಾರದೆಂದು ನೆಂಟರು ಹೇಳುತ್ತಾರೆ. ಒಬ್ಬರು ಮರದ ಚಕ್ಕೆಯ (ತೊಗಟೆಯ) ಕಷಾಯವನ್ನೂ ತಂದುಕೊಟ್ಟಿದ್ದಾರೆ. ನಾವು ಹೇಗೆ ನಡೆದುಕೊಳ್ಳಬೇಕು?
– ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೂತ್ರ ಕೆಂಪಾದದ್ದು ರಕ್ತದಿಂದಲ್ಲ, ಆ ಔಷಧಿಯ ಬಣ್ಣದಿಂದ. ಒಂದೆರಡು ದಿನದಲ್ಲಿ ಅದು ತಾನಾಗಿ ತಿಳಿಯಾಗುತ್ತದೆ. ಇಷ್ಟನ್ನು ಮೊದಲೇ ಯಾರಾದರೂ ಹೇಳಿದ್ದರೆ ನೀವು ಆ ರಾತ್ರಿ ಹೆದರಬೇಕಾಗಿರಲಿಲ್ಲ.

ಮೂರು ವಾರದ ಈ ಚಿಕಿತ್ಸೆಯಲ್ಲಿ 21 ದಿನಗಳೂ ಒಂದೇ ಸಮನಾಗಿರುವುದಿಲ್ಲ ಎಂಬುದನ್ನು ಮನೆಯವರೆಲ್ಲ ತಿಳಿದುಕೊಂಡರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಮೊದಲ ಮೂರು ನಾಲ್ಕು ದಿನ ವಾಕರಿಕೆ, ಸುಸ್ತು ಹೆಚ್ಚು. ವಾಂತಿಯ ಮಾತ್ರೆಯನ್ನು ವಾಂತಿ ಬಂದ ಮೇಲಲ್ಲ, ಚೀಟಿಯಲ್ಲಿ ಬರೆದ ಹೊತ್ತಿಗೇ ಕೊಡಬೇಕು. ಸಾಮಾನ್ಯವಾಗಿ ಏಳನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ಬಿಳಿ ರಕ್ತಕಣಗಳ ಸಂಖ್ಯೆ ತೀರ ಇಳಿದಿರುತ್ತದೆ. ನೋಡುವುದಕ್ಕೆ ಚೇತರಿಸಿಕೊಂಡವರಂತೆ ಕಂಡರೂ ಸೋಂಕನ್ನು ತಡೆಯುವ ಶಕ್ತಿ ಆಗ ಅವರಲ್ಲಿರುವುದಿಲ್ಲ. ಮೂರನೆಯ ವಾರ ಹಗುರ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಈ ನಡುವಿನ ವಾರವನ್ನು ಗುರುತು ಮಾಡಿಡಿ. ನೋಡಿ ಹೋಗಲು ಬರುವವರಿಗೆಲ್ಲ ಮೂರನೆಯ ವಾರದಲ್ಲಿ ಬರುವಂತೆ ಸಂಕೋಚವಿಲ್ಲದೆ ಹೇಳಿ.

ನೀವು ಕೇಳದಿದ್ದರೂ ನಾನು ಒತ್ತಿ ಹೇಳಬೇಕಾದದ್ದು ಜ್ವರದ ವಿಷಯ. ಮಳೆಗಾಲದ ಜ್ವರವೆಂದರೆ ಶೀತ, ಬೇಸಿಗೆಯ ಜ್ವರವೆಂದರೆ ಮಂಗನ ಕಾಯಿಲೆಯೋ ಏನೋ ಎಂದು ಲೆಕ್ಕ ಹಾಕುತ್ತಾ ಎರಡು ದಿನ ಕಾಯುವುದು ನಮ್ಮ ಕಡೆಯ ಅಭ್ಯಾಸ. ಕಿಮೋ ನಡೆಯುವಾಗ ಹಾಗೆ ಕಾಯುವಂತಿಲ್ಲ. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ, ಅಥವಾ ಮೈ ನಡುಗುವ ಚಳಿ ಬಂದರೆ, ರಾತ್ರಿ ಎರಡು ಗಂಟೆಯಾಗಿದ್ದರೂ ಹೊರಡಬೇಕು. ಆಸ್ಪತ್ರೆಯವರನ್ನು ಕೇಳದೆ ಪ್ಯಾರಾಸಿಟಮಾಲ್ ಕೊಡಬೇಡಿ. ಜ್ವರ ಮುಚ್ಚಿಹೋಗುತ್ತದೆ, ಸೋಂಕು ಒಳಗೆ ಹಾಗೆಯೇ ಬೆಳೆಯುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ ಮೊದಲು ಹೇಳಬೇಕಾದ ಮಾತು, ‘ಕಿಮೋ ಆಗಿ ಇಷ್ಟು ದಿನವಾಯಿತು, ಜ್ವರ ಬಂದಿದೆ’ ಎಂಬುದು, ಏಕೆಂದರೆ ಇಂಥವರಿಗೆ ಬಂದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಆರಂಭವಾಗಬೇಕು. ಮಳೆಗೆ ಮರ ಬಿದ್ದು ದಾರಿ ಕಟ್ಟುವ, ಮೊಬೈಲಿಗೆ ಸಿಗ್ನಲ್ ಸಿಗದ ಊರು ನಿಮ್ಮದಾಗಿದ್ದರೆ, ಅಪರಾತ್ರಿಯಲ್ಲೂ ಜೀಪು ತೆಗೆಯುವವರು ಯಾರು ಎಂಬುದನ್ನು ಈಗಲೇ ಮಾತಾಡಿಟ್ಟುಕೊಳ್ಳಿ. ಸಾಧ್ಯವಿದ್ದರೆ ಆ ನಡುವಿನ ವಾರ ಪೇಟೆಯಲ್ಲಿರುವ ನೆಂಟರ ಮನೆಯಲ್ಲಿ ಉಳಿದರೂ ತಪ್ಪೇನಿಲ್ಲ.

ಈ ಔಷಧಿಗಳು ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತವೆ. ಬಾಯಿಯ ಒಳಪದರ, ಕೂದಲಿನ ಬುಡ ಎರಡೂ ಅಂಥವೇ ಆದ್ದರಿಂದ ಗಡ್ಡೆಯ ಜೊತೆ ಅವೂ ಪೆಟ್ಟು ತಿನ್ನುತ್ತವೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಬೆರೆಸಿ, ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಿ ಉಗುಳಲಿ; ಪ್ರತಿದಿನ ಹೊಸದಾಗಿ ಬೆರೆಸಿಕೊಳ್ಳಿ. ಮಿಡಿ ಉಪ್ಪಿನಕಾಯಿ, ಹುಳಿ, ಖಾರ ಸದ್ಯಕ್ಕೆ ಬೇಡ. ಮೆತ್ತಗೆ ಬೇಯಿಸಿದ ಕುಚ್ಚಲಕ್ಕಿ ಗಂಜಿಯನ್ನು ಬಿಸಿಯಾರಿದ ಮೇಲೆ, ಒಂದೇ ಸಲಕ್ಕೆ ತಟ್ಟೆ ತುಂಬ ಬಡಿಸದೆ, ಎರಡು ಗಂಟೆಗೊಮ್ಮೆ ಸಣ್ಣ ಬಟ್ಟಲಿನಲ್ಲಿ ಕೊಡಿ. ನೀರು ಕುಡಿಯಲೂ ಆಗದಷ್ಟು ಹುಣ್ಣಾದರೆ ಮುಂದಿನ ತಾರೀಖಿನವರೆಗೆ ಕಾಯಬೇಡಿ, ವೈದ್ಯರಿಗೆ ತೋರಿಸಿ.

ಬಾಯಿ ಕೆಟ್ಟವರು ಆಸೆಪಟ್ಟು ಕೇಳಿದ ತಂಬುಳಿಯನ್ನು ಇಲ್ಲವೆನ್ನಬೇಡಿ, ಆದರೆ ಮಾಡುವ ಕ್ರಮ ಬದಲಿಸಿ. ಒಂದೆಲಗ ನೆಲಕ್ಕೆ ಹತ್ತಿಕೊಂಡು, ಒದ್ದೆ ಮಣ್ಣಿನಲ್ಲಿ ಬೆಳೆಯುವ ಸೊಪ್ಪು. ಎಷ್ಟು ತೊಳೆದರೂ ಹಸಿಯಾಗಿ ಅರೆದು ಕೊಡುವುದು ಈಗ ಸರಿಯಲ್ಲ. ದೊಡ್ಡಪತ್ರೆಯನ್ನು ಬಾಡಿಸುವಂತೆ ಇದನ್ನೂ ಜೀರಿಗೆಯೊಡನೆ ತುಪ್ಪದಲ್ಲಿ ಚೆನ್ನಾಗಿ ಹುರಿದು, ಆಗಲೇ ತುರಿದ ಕಾಯಿಯೊಂದಿಗೆ ಅರೆದು, ಕಾಯಿಸಿದ ಹಾಲಿನ ಹುಳಿಯಿಲ್ಲದ ಮೊಸರು ಬೆರೆಸಿ. ಮೆಣಸು, ಹಸಿಮೆಣಸಿನಕಾಯಿ ಬಿಟ್ಟುಬಿಡಿ. ಗುಡ್ಡದಿಂದ ಪೈಪಿನಲ್ಲಿ ಹರಿದು ಬರುವ ಅಬ್ಬಿ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸದೆ ಕುಡಿಸಬಾರದು.

ನಿಮ್ಮ ಮಗಳು ಅಜ್ಜಿಯ ಮಡಿಲಲ್ಲಿ ಧಾರಾಳವಾಗಿ ಕೂರಬಹುದು. ಕ್ಯಾನ್ಸರ್ ಅಂಟುವುದಿಲ್ಲ, ಕಿಮೋ ಪಡೆದವರ ಮೈ ಮುಟ್ಟಿದರೆ ಏನೂ ಆಗುವುದಿಲ್ಲ. ಮಗುವಿಗೆ ನೆಗಡಿ, ಜ್ವರ ಇದ್ದಾಗ ಮಾತ್ರ ದೂರವಿರಿಸಬೇಕು, ಅದೂ ಅಜ್ಜಿಯ ರಕ್ಷಣೆಗಾಗಿ. ಔಷಧಿ ಹಾಕಿದ ಮೊದಲ ಎರಡು ದಿನ ಮೂತ್ರ, ವಾಂತಿಯಲ್ಲಿ ಅದರ ಅಂಶ ಹೊರಹೋಗುವುದರಿಂದ ಆಗ ಶೌಚಾಲಯಕ್ಕೆ ಎರಡು ಸಲ ನೀರು ಹಾಕಿ; ಕೊಳೆಯಾದ ಬಟ್ಟೆಯನ್ನು ಕೈಗವಸು ಹಾಕಿಕೊಂಡು ಬೇರೆಯಾಗಿ ಒಗೆಯಿರಿ.

ಅವರು ಜಗಲಿಗೆ ಬರುವುದಿಲ್ಲವೆಂದು ನೀವು ಬರೆದ ಸಾಲನ್ನು ನಾನು ಎರಡು ಸಲ ಓದಿದೆ. ವರ್ಷಗಟ್ಟಲೆ ಬೆಳಗಾದರೆ ತಲೆ ಬಾಚಿ ಹೂ ಮುಡಿದವರಿಗೆ, ತಲೆದಿಂಬಿನ ಮೇಲೆ ಹಿಡಿಗಟ್ಟಲೆ ಕೂದಲು ಸಿಗುವುದು ಹುಣ್ಣಿನ ನೋವಿಗಿಂತ ದೊಡ್ಡದು. ‘ಮತ್ತೆ ಬರುತ್ತದೆ ಬಿಡಿ’ ಎಂದು ಆ ದುಃಖವನ್ನು ಬೇಗ ಮುಗಿಸಿಬಿಡಬೇಡಿ. ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಕೂದಲು ಬರುವುದು ನಿಜ, ಆದರೆ ಅವರು ಅಳುವಾಗ ಹತ್ತಿರ ಕುಳಿತವರು ಬೇಕು. ಅವರ ಹಳೆಯ ಮೆತ್ತನೆಯ ಹತ್ತಿ ಸೀರೆಯಿಂದಲೇ ಒಂದು ತುಂಡು ಹರಿದು ತಲೆಗೆ ಕಟ್ಟಿಕೊಡಿ. ನಮ್ಮ ಚಳಿಗೆ ಅದು ಬೆಚ್ಚಗೂ ಇರುತ್ತದೆ.

ಇನ್ನು ಕಷಾಯ. ಚಕ್ಕೆ, ಬೇರುಗಳ ಮೇಲೆ ನಮ್ಮ ಸೀಮೆಯವರಿಗಿರುವ ನಂಬಿಕೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಪ್ರತಿ ಕಿಮೋಗೆ ಮುಂಚೆ ರಕ್ತ, ಯಕೃತ್ತು, ಮೂತ್ರಪಿಂಡದ ಪರೀಕ್ಷೆ ನೋಡಿಯೇ ಔಷಧಿಯ ಪ್ರಮಾಣ ನಿರ್ಧರಿಸುತ್ತಾರೆ. ಮಧ್ಯೆ ಕಷಾಯ ಸೇರಿದರೆ, ಯಕೃತ್ತು ಕೆಟ್ಟಾಗ ಅದು ಯಾವುದರಿಂದ ಎಂದು ತಿಳಿಯದೆ ಚಿಕಿತ್ಸೆಯೇ ನಿಲ್ಲಬಹುದು. ಕಿಮೋ ಮುಗಿಯುವವರೆಗೆ ಅದನ್ನು ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ.

ಪ್ರಶ್ನೆ: ನನಗೆ 49 ವರ್ಷ. ದೊಡ್ಡ ಕರುಳಿನ ಕ್ಯಾನ್ಸರಿಗೆ ಆಕ್ಸಾಲಿಪ್ಲಾಟಿನ್ ಎಂಬ ಕಿಮೋ ಔಷಧಿ ಕೊಡುತ್ತಿದ್ದಾರೆ. ಬೆಳಿಗ್ಗೆ ನಲ್ಲಿ ನೀರು ಮುಟ್ಟಿದರೆ ಬೆರಳಿಗೆ ಕರೆಂಟ್ ಹೊಡೆದಂತಾಗುತ್ತದೆ. ಅಡಿಕೆ ಕೊಯ್ಲು ಶುರುವಾಗಿದೆ, ತೋಟಕ್ಕೆ ಹೋಗಬಹುದೆ? ಕವಳ (ಎಲೆ ಅಡಿಕೆ) ಹಾಕಬಹುದೆ?
– ಓದುಗರು, ಸಾಗರ

ಉತ್ತರ: ತಣ್ಣಗಿನದನ್ನು ಮುಟ್ಟಿದಾಗ ಹೀಗಾಗುವುದು ಈ ಔಷಧಿಯ ಗುಣ. ಡ್ರಿಪ್ ಆದ ಮೊದಲ ಐದಾರು ದಿನ ಕೈಕಾಲು ತೊಳೆಯುವುದಕ್ಕೂ ಹಂಡೆಯ ಬಿಸಿನೀರನ್ನೇ ಬಳಸಿ, ಬೆಚ್ಚಗಿನದನ್ನೇ ಕುಡಿಯಿರಿ. ಗಂಟಲು ಹಿಡಿದಂತಾದರೆ ವೈದ್ಯರಿಗೆ ತಿಳಿಸಿ. ಹಗುರ ವಾರದಲ್ಲಿ ಬಿಸಿಲು ಬಂದ ಮೇಲೆ ತೋಟ ಸುತ್ತಿ ಬರಬಹುದು. ಬರಿಗಾಲಲ್ಲಿ ಬೇಡ, ಕತ್ತಿ ಹಿಡಿಯುವುದೂ ಬೇಡ. ಕವಳವನ್ನು ಬಿಡಲೇಬೇಕು. ಅಡಿಕೆ ಸ್ವತಃ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲೇ ಹೇಳಿದೆ. ಅಡಿಕೆ ತೋಟದ ಮನೆಯಲ್ಲಿ ಬೆಳೆದ ನನಗೆ ಇದನ್ನು ಬರೆಯುವುದು ಸುಲಭವಲ್ಲ. ಜೋಮು ಮುಂದಿನ ಡ್ರಿಪ್‌ವರೆಗೂ ಉಳಿದರೆ, ಅಂಗಿಯ ಗುಂಡಿ ಹಾಕಲು ಕಷ್ಟವಾದರೆ, ಸಣ್ಣ ವಿಷಯವೆಂದು ಸುಮ್ಮನಿರದೆ ಡ್ರಿಪ್ ಹಾಕುವ ಮೊದಲೇ ಹೇಳಿ. ಪ್ರಮಾಣ ತಗ್ಗಿಸಲು ವೈದ್ಯರಿಗೆ ಆಗ ಮಾತ್ರ ಅವಕಾಶವಿರುತ್ತದೆ.