ಹತ್ತು ಗುಂಡಿನ ಮಿತಿಯೂ ನಿನ್ನ ಗ್ರೀನ್ ಕಾರ್ಡೂ

ಪ್ರೀತಿಯ ಸುಮಂತ್,

ನಿನ್ನ ಪತ್ರ ಎರಡು ಸಲ ಓದಿದೆ. ಅಕ್ಕ ಹಾಕಿದ ಅರ್ಜಿಯ ಮೇಲೆ ಗ್ರೀನ್ ಕಾರ್ಡ್ ಸಿಕ್ಕಿ ನೀನು ಬಂದು ಒಂದೂವರೆ ವರ್ಷ ಆಯಿತು. ನ್ಯೂಜೆರ್ಸಿಯ ಎಡಿಸನ್ ಹತ್ತಿರದ ಅಂಗಡಿಯಲ್ಲಿ ರಾತ್ರಿ ಪಾಳಿ. ಹನ್ನೆರಡಕ್ಕೆ ಬಾಗಿಲು ಹಾಕಿ ಕಾರಿನ ತನಕ ಒಬ್ಬನೇ ನಡೆಯಬೇಕು. ಪಕ್ಕದ ಅಂಗಡಿಗೆ ಮುಸುಕು ಹಾಕಿಕೊಂಡವರು ನುಗ್ಗಿದ ಮೇಲೆ ನಿನಗೆ ಸರಿಯಾಗಿ ನಿದ್ದೆ ಇಲ್ಲ. "ಅಣ್ಣ, ನ್ಯೂಜೆರ್ಸಿಯಲ್ಲಿ ಹತ್ತು ಗುಂಡಿಗಿಂತ ಜಾಸ್ತಿ ಹಿಡಿಸೋ ಮ್ಯಾಗಜೀನ್, ಅಂದರೆ ಪಿಸ್ತೂಲಿನ ಹಿಡಿಯೊಳಗೆ ಕೂರೋ ಗುಂಡಿನ ಡಬ್ಬಿ, ಇಟ್ಟುಕೊಳ್ಳೋ ಹಾಗಿಲ್ಲವಂತೆ. ಸೊಂಟದಲ್ಲಿ ಇಟ್ಟುಕೊಳ್ಳೋಕೆ ಯಾವ ಪಿಸ್ತೂಲು ತಗೊಳ್ಳಲಿ?" ಅಂತ ಕೇಳಿದ್ದೀಯ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹುಟ್ಟಾ ಹತ್ತು ಗುಂಡಿನ ಪಿಸ್ತೂಲು ತಗೋ. ಹದಿನೈದು ಗುಂಡಿನದಕ್ಕೆ ಹತ್ತರ ಮ್ಯಾಗಜೀನ್ ಹಾಕಿ ಮಾರುತ್ತಾರಲ್ಲ, ಅದು ನಿನಗೆ ಬೇಡ.

ನೀನೂ ತೀರ್ಥಹಳ್ಳಿ ಕಡೆಯವನು. ಕೇಪಿನ ಕೋವಿ, ತೋಟಾ ಕೋವಿ ನೋಡಿಕೊಂಡೇ ಬೆಳೆದವರು ನಾವು. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರುತ್ತದೆ, ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ಬರುತ್ತಾರೆ. ಕೋವಿ ಅಂದರೆ ನಮಗೆ ಗೋಡೆಯ ಗೂಟಕ್ಕೆ ನೇತು ಹಾಕಿದ ಸಾಮಾನು. ಮೈಗೆ ಅಂಟಿಸಿಕೊಂಡು ಜನರ ನಡುವೆ ಓಡಾಡುವ ಪಿಸ್ತೂಲು ಬೇರೆಯದೇ ಜಾತಿ. ಇಲ್ಲಿನ ಕಾನೂನೂ ಬೇರೆಯದೇ.

ಮ್ಯಾಗಜೀನ್ ವಿಷಯ ಹೀಗಿದೆ. ನ್ಯೂಜೆರ್ಸಿಯಲ್ಲಿ 1990ರಿಂದ ಹದಿನೈದು ಗುಂಡಿನ ಮಿತಿ ಇತ್ತು. 2018ರ ಜೂನ್‌ನಲ್ಲಿ ಅದನ್ನು ಹತ್ತಕ್ಕೆ ಇಳಿಸಿದರು. ಮಾರುವುದಷ್ಟೇ ಅಲ್ಲ, ಮನೆಯ ಡ್ರಾಯರಿನಲ್ಲಿ ಸುಮ್ನೆ ಇಟ್ಟುಕೊಂಡರೂ ತಪ್ಪು. ಹದಿನೆಂಟು ತಿಂಗಳವರೆಗೆ ಜೈಲು ಆಗಬಹುದು. ಮಿತಿ ಇರುವುದು ಮ್ಯಾಗಜೀನಿಗೆ. ಅದರಲ್ಲಿ ಹತ್ತು, ನಳಿಗೆಯ ಬುಡದ ಚೇಂಬರಿನಲ್ಲಿ ಒಂದು, ಒಟ್ಟು ಹನ್ನೊಂದು ಇದ್ದರೆ ತೊಂದರೆ ಇಲ್ಲ.

ಇಲ್ಲೇ ಹುಟ್ಟಿದವನಿಗೆ ಆ ತಪ್ಪಿಗೆ ವಕೀಲರ ಖರ್ಚು, ಜೈಲು, ದಾಖಲೆಯಲ್ಲಿ ಕಲೆ. ನಿನಗೆ ಅಷ್ಟಕ್ಕೇ ನಿಲ್ಲುವುದಿಲ್ಲ. ವಲಸೆ ಕಾನೂನಿನಲ್ಲಿ ಬಂದೂಕಿನ ಅಪರಾಧಕ್ಕೆ ಬೇರೆಯೇ ಒಂದು ಕಲಮು ಇದೆ. ಬಂದೂಕು ಮಾತ್ರವಲ್ಲ, ಅದರ ಬಿಡಿಭಾಗದ ವಿಷಯದಲ್ಲಿ ಶಿಕ್ಷೆಯಾದರೂ ಗ್ರೀನ್ ಕಾರ್ಡಿನವರನ್ನು ದೇಶದಿಂದ ಹೊರಗೆ ಕಳಿಸುವ ಕೇಸು ಹಾಕಬಹುದು. ನಿಮ್ಮಕ್ಕ ಎಷ್ಟೋ ವರ್ಷ ಕಾದು ತರಿಸಿದ ಕಾರ್ಡು ಅದು. ನಾನು ಪಿಸ್ತೂಲು ಆರಿಸುವಾಗ ಬೇರೆಲ್ಲದಕ್ಕಿಂತ ಮುಂಚೆ ಇದನ್ನೇ ನೋಡು ಅನ್ನುವುದು ಅದಕ್ಕೇ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ನನ್ನ ಷಡ್ಡಕ ಪೆನ್ಸಿಲ್ವೇನಿಯಾದಲ್ಲಿದ್ದಾನೆ. ಅಲ್ಲಿ ಮ್ಯಾಗಜೀನಿಗೆ ಮಿತಿ ಇಲ್ಲ. ಆಗ ನನ್ನ ಹತ್ತಿರ ಗ್ಲಾಕ್ 19 ಅನ್ನುವ ಪಿಸ್ತೂಲು ಇತ್ತು, ಅವನ ಹತ್ತಿರವೂ ಅದೇ. ಒಂದು ಭಾನುವಾರ ಇಬ್ಬರೂ ಅವನ ಕಡೆಯ ಗುಂಡು ಹೊಡೆಯುವ ರೇಂಜಿಗೆ ಹೋಗಿ ಬಂದೆವು. ರಾತ್ರಿ ಮನೆಯಲ್ಲಿ ಒರೆಸಿ ಇಡೋಣ ಅಂತ ಚೀಲ ಬಿಚ್ಚಿದೆ. ನನ್ನವು ಮೂರು ಮ್ಯಾಗಜೀನ್ ಇರಬೇಕು, ನಾಲ್ಕು ಇದ್ದವು. ಹೊರಗಿನಿಂದ ನಾಲ್ಕೂ ಒಂದೇ ಉದ್ದ, ಒಂದೇ ಕಪ್ಪು ಬಣ್ಣ. ತಿರುಗಿಸಿ ಬೆನ್ನು ನೋಡಿದೆ. ಗುಂಡು ಎಷ್ಟಿದೆ ಅಂತ ಕಾಣಲಿಕ್ಕೆ ಅಲ್ಲಿ ಪುಟ್ಟ ತೂತುಗಳಿರುತ್ತವೆ, ಪಕ್ಕದಲ್ಲಿ ಅಂಕಿ. ಮೂರರಲ್ಲಿ ಕೊನೆಯ ಅಂಕಿ 10. ಒಂದರಲ್ಲಿ 15. ಗಡಿಯ ಡೆಲಾವೇರ್ ನದಿ ದಾಟಿ, ಒಂದು ಗಂಟೆ ಹೆದ್ದಾರಿಯಲ್ಲಿ, ಅದನ್ನು ಹಿಂದಿನ ಸೀಟಿನಲ್ಲಿ ಇಟ್ಟುಕೊಂಡು ಬಂದಿದ್ದೆ. ಆಗ ನನ್ನ ಕೈಯಲ್ಲೂ ಗ್ರೀನ್ ಕಾರ್ಡೇ ಇದ್ದದ್ದು. ಅಡುಗೆಮನೆಯ ದೀಪದ ಕೆಳಗೆ ಆ ಅಂಕಿ ನೋಡುತ್ತಾ ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೆಳಿಗ್ಗೆ ಮೊದಲ ಕೆಲಸ ವಕೀಲರಿಗೆ ಫೋನ್ ಮಾಡಿದ್ದು. ಅವರು ಹೇಳಿದ ಹಾಗೆ ಅದನ್ನು ಕೈಬಿಟ್ಟೆ. ಆ ವರ್ಷವೇ 19 ಮಾರಿಬಿಟ್ಟೆ.

19 ಕೆಟ್ಟ ಪಿಸ್ತೂಲು ಅಂತ ಅಲ್ಲ. ಅದು ಹದಿನೈದು ಗುಂಡಿಗೆ ಅಂತ ಮಾಡಿದ್ದು, ಹಿಡಿ ದಪ್ಪ. ಖಾಲಿ ಮ್ಯಾಗಜೀನ್ ಸೇರಿ 670 ಗ್ರಾಂ ಹತ್ತಿರ ತೂಗುತ್ತದೆ. ಹತ್ತೇ ಗುಂಡು ಹಾಕುವುದಾದರೆ ಆ ದಪ್ಪವನ್ನು ಯಾಕೆ ಹೊರಬೇಕು? ಕಾರಿನ ಡಿಕ್ಕಿಗೆ ಅಕ್ಕಿ ಮೂಟೆ ಹಾಕಲು ನಾನು ಬಗ್ಗಿದರೆ ಶರ್ಟಿನ ಮೇಲೆ ಹಿಡಿಯ ಮೂಲೆ ಎದ್ದು ಕಾಣುತ್ತಿತ್ತು. ಮೊದಲು ಹೇಳಿದವಳು ನನ್ನ ಹೆಂಡತಿ. ಇಲ್ಲಿನ ಸೆಕೆಯಲ್ಲಿ ಮೇಲೊಂದು ಜಾಕೆಟ್ ಹಾಕಿಕೊಂಡು ಮುಚ್ಚೋದೂ ಕಷ್ಟ.

ಈಗ ನಿನಗೆ ಒಳ್ಳೆಯ ಕಾಲ. ಹಿಂದೆ ತೆಳ್ಳಗಿನ ಒಂಬತ್ತು ಎಂಎಂ ಪಿಸ್ತೂಲು ಅಂದರೆ ಆರು, ಏಳು, ಎಂಟು ಗುಂಡು ಅಷ್ಟೇ. 2015ರಲ್ಲಿ ಬಂದ ಗ್ಲಾಕ್ 43ಕ್ಕೆ ಆರು. 2018ರಲ್ಲಿ ಸಿಗ್ ಸಾವರ್‌ನವರು ಪಿ365 ತಂದರು. ಹೆಚ್ಚುಕಮ್ಮಿ ಅದೇ ಗಾತ್ರದಲ್ಲಿ ಹತ್ತು ಗುಂಡು. ಮರುವರ್ಷ ಗ್ಲಾಕ್ 43ಎಕ್ಸ್ ಬಂತು, ಅದಕ್ಕೂ ಹತ್ತು. ಎರಡೂ ಅರ್ಧ ಕಿಲೋ ಆಸುಪಾಸು. ಹತ್ತರ ಮಿತಿ ಇರುವ ರಾಜ್ಯದಲ್ಲಿ ಇವುಗಳಿಂದ ಕಳಕೊಳ್ಳುವುದು ಏನೂ ಇಲ್ಲ.

ಎರಡರಲ್ಲಿ ಯಾವುದು? ನಾನು 43ಎಕ್ಸ್ ಅನ್ನುತ್ತೇನೆ. ಪಿ365 ಇನ್ನೂ ಚಿಕ್ಕದು, ಜೇಬಿನ ಹತ್ತಿರ ಚೆನ್ನಾಗಿ ಅಡಗುತ್ತದೆ. ಆದರೆ ಅದರ ಕಂಪನಿಯೇ ಹನ್ನೆರಡರದ್ದು, ಹದಿನೈದರದ್ದು ಅಂತ ಮ್ಯಾಗಜೀನ್ ಮಾಡುತ್ತದೆ. ನನ್ನ ಕೈಯಲ್ಲಿ ಅದರ ಹಿಡಿಗೆ ಕಿರುಬೆರಳು ಸಿಕ್ಕುವುದೂ ಇಲ್ಲ. 43ಎಕ್ಸ್‌ನ ಹಿಡಿ ಉದ್ದ, ಬೆರಳೆಲ್ಲ ಕೂರುತ್ತವೆ. ಗ್ಲಾಕ್‌ನವರು ಅದಕ್ಕೆ ಕೊಡುವ ಮ್ಯಾಗಜೀನ್ ಹತ್ತರದ್ದೇ. ಬೇರೆ ಕಂಪನಿಯೊಂದು ಅದೇ ಅಳತೆಯಲ್ಲಿ ಹದಿನೈದು ಗುಂಡು ಹಿಡಿಸುವ ಮ್ಯಾಗಜೀನ್ ಮಾರುತ್ತದೆ. ಯಾರು ಹೇಳಿದರೂ ಅದರ ಹತ್ತಿರ ಹೋಗಬೇಡ. ಕಂಪನಿಯದ್ದೇ ಮೂರು ಕೊಂಡುಕೋ. ಪ್ರತಿಯೊಂದರ ಬೆನ್ನಿನ ಅಂಕಿ ನೋಡು. ಬಿಲ್ಲು ಎತ್ತಿಡು. ಇನ್ನೊಬ್ಬರ ಚೀಲದ ಜೊತೆ ನಿನ್ನ ಚೀಲ ಬೆರೆಸಬೇಡ.

ಐದು ಗುಂಡಿನ ಚಿಕ್ಕ ರಿವಾಲ್ವರ್ ತಗೊಳ್ಳಲಾ ಅಂತಲೂ ಕೇಳಿದ್ದೆ. ಮ್ಯಾಗಜೀನ್ ರಗಳೆಯೇ ಇಲ್ಲ, ಅದು ನಿಜ. ಆದರೆ ಟ್ರಿಗರ್ ಬಿಗಿ, ಹಗುರ ಇರುವುದರಿಂದ ಕೈಗೆ ಜೋರಾಗಿ ಒದೆಯುತ್ತದೆ. ಹೊಸಬರು ಎರಡು ಸಲ ಹೊಡೆದು ಮೂಲೆಗೆ ಇಡುತ್ತಾರೆ. ಇಲ್ಲಿ ಕ್ಯಾರಿ ಪರ್ಮಿಟ್‌ಗೆ, ಅಂದರೆ ಪಿಸ್ತೂಲು ಮೈಮೇಲೆ ಒಯ್ಯುವ ಪರವಾನಗಿಗೆ, ಪರೀಕ್ಷೆ ಬೇರೆ ಇದೆ. 50 ಈಡು, ಅದರಲ್ಲಿ 80 ಪರ್ಸೆಂಟ್ ಗುರಿಗೆ ಬೀಳಬೇಕು, ಕೆಲವನ್ನು 25 ಗಜದಿಂದ ಹೊಡೆಯಬೇಕು. ನೀನು ಒಯ್ಯುವ ಪಿಸ್ತೂಲಿನಲ್ಲೇ ಮಾಡಬೇಕು. ಪುಟಾಣಿ ನಳಿಗೆಯಲ್ಲಿ 25 ಗಜ ಅಂದರೆ ತಮಾಷೆಯಲ್ಲ.

ಕಾಗದಪತ್ರದ ಕಡೆ ಬರೋಣ. 2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಬರುವ ತನಕ ಸಾಮಾನ್ಯರಿಗೆ ಇಲ್ಲಿ ಕ್ಯಾರಿ ಪರ್ಮಿಟ್ ಸಿಗುತ್ತಲೇ ಇರಲಿಲ್ಲ. ಈಗ ಸಿಗುತ್ತದೆ, ಎರಡು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು, ಶುಲ್ಕ 200 ಡಾಲರ್. ಅದಕ್ಕೂ ಮುಂಚೆ ಊರಿನ ಪೊಲೀಸರಿಂದ ಖರೀದಿದಾರರ ಗುರುತಿನ ಚೀಟಿ, ಆಮೇಲೆ ಒಂದೊಂದು ಪಿಸ್ತೂಲಿಗೆ ಒಂದೊಂದು ಖರೀದಿ ಪರ್ಮಿಟ್. ಬೆರಳಚ್ಚು ಕೊಡಬೇಕು.

ನಿನಗೆ ಕಷ್ಟ ಆಗುವುದು ಸಾಕ್ಷಿಗಳ ವಿಷಯದಲ್ಲಿ. ಕ್ಯಾರಿ ಪರ್ಮಿಟ್‌ಗೆ ನಾಲ್ಕು ಜನ ಬೇಕು. ನೆಂಟರು ಆಗುವುದಿಲ್ಲ, ನಿನ್ನನ್ನು ಕನಿಷ್ಠ ಮೂರು ವರ್ಷದಿಂದ ಬಲ್ಲವರಾಗಿರಬೇಕು. ಅಕ್ಕ ಭಾವ ಲೆಕ್ಕಕ್ಕೆ ಬರುವುದಿಲ್ಲ. ಅಂಗಡಿಯ ಯಜಮಾನರಿಗೆ ನಿನ್ನ ಪರಿಚಯ ಒಂದೂವರೆ ವರ್ಷದ್ದು, ಅವರೂ ಬರುವುದಿಲ್ಲ. ಶಿವಮೊಗ್ಗದಲ್ಲಿ ನಿನ್ನ ಜೊತೆ ಓದಿದ ಇಬ್ಬರು ಇಲ್ಲೇ ಇದ್ದಾರೆ ಅಂದಿದ್ದೆ. ಅವರನ್ನು ಕೇಳು. ಪೊಲೀಸರು ಅವರನ್ನು ವಿಚಾರಿಸುತ್ತಾರೆ, ಮೊದಲೇ ಹೇಳಿಟ್ಟಿರು.

ಕೊಳ್ಳುವಾಗ ಅಂಗಡಿಯಲ್ಲಿ ಕೇಂದ್ರ ಸರ್ಕಾರದ ಫಾರಂ ತುಂಬಬೇಕು. ಗಾಂಜಾ ಸೇದುತ್ತೀಯಾ ಅಂತ ಅದರಲ್ಲಿ ಪ್ರಶ್ನೆ ಇದೆ. ನ್ಯೂಜೆರ್ಸಿಯಲ್ಲಿ 2022ರ ಏಪ್ರಿಲ್‌ನಿಂದ ಅಂಗಡಿಯಲ್ಲೇ ಮಾರುತ್ತಾರೆ, ನಿಜ. ಕೇಂದ್ರದ ಲೆಕ್ಕದಲ್ಲಿ ಅದು ಈಗಲೂ ಬಂದೂಕಿಗೆ ಅಡ್ಡಿ. ಆ ಫಾರಂನಲ್ಲಿ ಸುಳ್ಳು ಬರೆಯುವುದು ದೊಡ್ಡ ಅಪರಾಧ. ನೀನು ಮುಟ್ಟುವುದಿಲ್ಲ ಅಂತ ಗೊತ್ತು. ಗೆಳೆಯರ ಪಾರ್ಟಿಯಲ್ಲೂ ಮುಟ್ಟಬೇಡ.

ನಿನ್ನ ರೂಮಿನವನು ಎಚ್1ಬಿ ಕೆಲಸದ ವೀಸಾ ಮೇಲೆ ಇದ್ದಾನೆ ಅಲ್ವಾ? ಅವನು ಪಿಸ್ತೂಲನ್ನಾಗಲಿ ಗುಂಡನ್ನಾಗಲಿ ಹತ್ತಿರ ಇಟ್ಟುಕೊಳ್ಳುವ ಹಾಗಿಲ್ಲ, ಕೊಳ್ಳುವ ಹಾಗಿಲ್ಲ. ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ, ಅದನ್ನು ನಂಬಿಕೊಂಡು ಹೊರಡಬೇಡಿ. "ಒಮ್ಮೆ ಹಿಡಿದು ನೋಡ್ತೀನಿ ಕೊಡೋ" ಅಂದರೂ ಕೊಡಬೇಡ. ರೇಂಜಿಗೂ ಕರೆದುಕೊಂಡು ಹೋಗಬೇಡ. ಕಬ್ಬಿಣದ ಪೆಟ್ಟಿಗೆ ತಂದು ಬೀಗ ಹಾಕು, ಕೀ ನಿನ್ನ ಹತ್ತಿರವೇ ಇರಲಿ. ಅವನ ಬದುಕೂ ಆ ಕೀಯಲ್ಲಿದೆ.

ಗುಂಡು ಕೊಳ್ಳುವಾಗಲೂ ನೋಡಿ ತಗೋ. ತುದಿ ಟೊಳ್ಳಾಗಿರುವ ಗುಂಡು ಮನೆಯಲ್ಲಿ ಇಟ್ಟುಕೊಳ್ಳಬಹುದು, ಸೊಂಟದಲ್ಲಿ ಬೀದಿಗೆ ಒಯ್ಯುವ ಹಾಗಿಲ್ಲ. ತುದಿಗೆ ಪಾಲಿಮರ್ ತುಂಬಿದ್ದು ಸಿಗುತ್ತದೆ, ಇಲ್ಲಿ ತುಂಬ ಜನ ಅದನ್ನೇ ಹಾಕುತ್ತಾರೆ. ನಿನ್ನ ನ್ಯೂಜೆರ್ಸಿ ಪರ್ಮಿಟ್ ನ್ಯೂಯಾರ್ಕಿನಲ್ಲಿ ನಡೆಯುವುದಿಲ್ಲ. ಅಲ್ಲಿಗೆ ಹೋಗುವ ದಿನ ಪಿಸ್ತೂಲು ಮನೆಯ ಪೆಟ್ಟಿಗೆಯಲ್ಲೇ ಇರಲಿ. 2013ರಲ್ಲಿ ಫಿಲಡೆಲ್ಫಿಯಾದ ಒಬ್ಬ ತಾಯಿ ತನ್ನ ರಾಜ್ಯದ ಪರ್ಮಿಟ್ ನಂಬಿಕೊಂಡು ನ್ಯೂಜೆರ್ಸಿಗೆ ಬಂದಳು. ಗಾಡಿ ತಡೆದ ಪೊಲೀಸರಿಗೆ ಪಿಸ್ತೂಲಿದೆ ಅಂತ ತಾನೇ ಹೇಳಿದಳು. ಅಲ್ಲೇ ಬಂಧಿಸಿದರು. 2015ರಲ್ಲಿ ಗವರ್ನರ್ ಕ್ಷಮಾದಾನ ಕೊಟ್ಟ ಮೇಲೆ ಪಾರಾದಳು. ಅವಳು ಅಮೆರಿಕದ ಪ್ರಜೆ. ನೀನಿನ್ನೂ ಅಲ್ಲ.

ಇನ್ನೊಂದು, ಇದು ಮನಸ್ಸಿನಲ್ಲಿ ಇಟ್ಟುಕೋ. ಗಲ್ಲಾದ ದುಡ್ಡು ಕಾಯಲು ಪಿಸ್ತೂಲು ತೆಗೆಯುವ ಹಾಗಿಲ್ಲ. ದುಡ್ಡು ಕೇಳಿದರೆ ಕೊಟ್ಟು ಕಳಿಸು. ಮನೆಯ ಹೊರಗೆ, ಅಪಾಯವಿಲ್ಲದೆ ಓಡಿಹೋಗುವ ದಾರಿ ಇದ್ದರೆ ಇಲ್ಲಿ ಮೊದಲು ಓಡಬೇಕು. ಕಾನೂನೇ ಹಾಗೆ ಹೇಳುತ್ತದೆ. ಅಂಗಡಿಯೊಳಗೆ ಇಟ್ಟುಕೊಳ್ಳುವುದಾದರೆ ಯಜಮಾನರ ಒಪ್ಪಿಗೆ ಕೇಳು. ಅವರು ಬೇಡ ಅಂದರೆ ಮುಗಿಯಿತು. ರಾತ್ರಿ ಬಾಗಿಲು ಹಾಕುವಾಗ ಇಬ್ಬರು ಇರಲಿ, ಕಾರು ದೀಪದ ಕೆಳಗೆ ನಿಲ್ಲಿಸುತ್ತೇನೆ ಅಂತಲೂ ಕೇಳು. ಪರ್ಮಿಟ್ ಬರುವ ತನಕ ತಿಂಗಳುಗಟ್ಟಲೆ ಹಿಡಿಯುತ್ತದೆ. ಈ ಎರಡು ನಾಳೆಯೇ ಆಗುವ ಕೆಲಸ.

ಈ ಶನಿವಾರ ನನ್ನ ಜೊತೆ ರೇಂಜಿಗೆ ಬಾ. ಅಂಗಡಿಗೆ ಹಾಕಿಕೊಳ್ಳುವ ಅದೇ ಟೀಶರ್ಟು, ಅದೇ ಪ್ಯಾಂಟು, ಗಟ್ಟಿ ಬೆಲ್ಟು ಹಾಕಿಕೊಂಡು ಬಾ. ನನ್ನ 43ಎಕ್ಸ್ ಇದೆ, ಗೆಳೆಯರೊಬ್ಬರು ಅವರ ಪಿ365 ತರುತ್ತಾರೆ. ಎರಡರಲ್ಲೂ ಐವತ್ತು ಐವತ್ತು ಈಡು ಹೊಡೆ. ಹೋಗುವ ಮುಂಚೆ ಮ್ಯಾಗಜೀನಿನ ಬೆನ್ನು ತಿರುಗಿಸಿ ಅಂಕಿ ತೋರಿಸುತ್ತೇನೆ.